ಹೋತ ಉಳಿಸಿದ ನಾಲ್ಕು ಮೊಗ್ಗು

ಶಕೀಲಾ ಸಾಯುವುದಕ್ಕೆ ಒಂದು ಷರತ್ತು ಹಾಕಿದ್ದಳು. ತಾರಸಿಯ ಮೇಲಿನ ಗಿಡ ಹಳದಿ ಹೂ ಬಿಡಬೇಕು, ಅದರ ಘಮ ತನ್ನ ಮೂಗಿಗೆ ಬರಬೇಕು, ಆಮೇಲೆ ಹೊರಡುವುದು. ಅಲ್ಲಿಯತನಕ ಯಾರು ಬಂದು ಕರೆದರೂ ಏಳುವುದಿಲ್ಲ. ಹೇಳಿದ್ದು ತಮಾಷೆಗೆ. ಆಸ್ಪತ್ರೆಯವರು “ಇನ್ನು ಮನೆಗೆ ಕರ್ಕೊಂಡ್ಹೋಗಿ, ಇಷ್ಟಪಟ್ಟಿದ್ದು ಕೊಡಿ” ಎಂದು ಕಳಿಸಿದ ದಿನ, ಶಿವಾಜಿನಗರದಲ್ಲಿ ತಂಗಿಯ ಇಕ್ಕಟ್ಟಾದ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದೆ ಕೂತಿದ್ದಾಗ, ತಂಗಿಯನ್ನು ನಗಿಸೋಣವೆಂದು ಬಾಯಿಗೆ ಬಂದದ್ದನ್ನು ಅಂದಿದ್ದಳು.

ಸಾಯಲಿರುವವರು ತಮಾಷೆ ಮಾಡಬಾರದು. ಉಳಿಯುವವರು ಅದನ್ನೇ ಗಟ್ಟಿಯಾಗಿ ಹಿಡಿದು ಕೂತುಬಿಡುತ್ತಾರೆ. ತಂಗಿ ಹಮೀದಾ ನಗಲಿಲ್ಲ. ಅಂದಿನಿಂದ ಅವಳಿಗೆ ಡಾಕ್ಟರ ಚೀಟಿ, ಸ್ಕ್ಯಾನಿನ ವರದಿ ಯಾವುದೂ ಮುಖ್ಯವಲ್ಲ. ಮುಖ್ಯವಾದದ್ದು ತಾರಸಿಯ ಮೂಲೆಯ ಒಂದು ಸಿಮೆಂಟಿನ ಕುಂಡ.

ಅಕ್ಕತಂಗಿಯರು ಹುಟ್ಟಿದ್ದು ಕೂನೂರಿನಲ್ಲಿ. ಅಬ್ಬಾ ಅಲ್ಲೊಂದು ಬೇಕರಿಯಲ್ಲಿ ಒಲೆಯ ಮುಂದೆ ನಿಂತು ಬ್ರೆಡ್ ಬೇಯಿಸುತ್ತಿದ್ದರು. ಬೇಕರಿಯ ಹಿಂದೆ ಗುಡ್ಡ, ಗುಡ್ಡದ ತುಂಬ ಒಂದೇ ಜಾತಿಯ ಗಿಡ. ಎಲೆ ಇದೆಯೋ ಇಲ್ಲವೋ ಎಂಬಂತೆ ಬರೀ ಹಸಿರು ಕಡ್ಡಿಗಳು. ಬೇಸಿಗೆ ಬಂತೆಂದರೆ ಆ ಕಡ್ಡಿಗಳ ಮೇಲೆ ಅವರೆ ಹೂವಿನ ಆಕಾರದ ಹಳದಿ ಹೂ ಕಿಕ್ಕಿರಿಯುತ್ತಿತ್ತು. ಅದಕ್ಕೆ ಬ್ರೂಮ್ ಎಂದು ಹೆಸರು ಎನ್ನುವುದು ಹಮೀದಾಳಿಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಆಗ ಅದು ಬರೀ ಪೀಲೇ ಫೂಲಾಂ, ಹಳದಿ ಹೂವುಗಳು. ಅಮ್ಮ ತೀರಿಕೊಂಡಾಗ ಹಮೀದಾಳಿಗೆ ಮೂರು ವರ್ಷ, ಶಕೀಲಾಗೆ ಹನ್ನೊಂದು. ತಂಗಿಯ ಜಡೆ, ತಂಗಿಯ ಜ್ವರ, ತಂಗಿಯ ಸ್ಕೂಲು, ಕೊನೆಗೆ ತಂಗಿಯ ಮದುವೆ, ಎಲ್ಲವೂ ಅಕ್ಕನದೇ. ತನ್ನ ಮದುವೆಯನ್ನು ಮಾತ್ರ ಮೂವತ್ತು ದಾಟುವವರೆಗೆ ಮುಂದೂಡಿ, ಮಗ ಹುಟ್ಟಿದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡಳು. ಹಮೀದಾ ಅವಳನ್ನು ಕರೆಯುತ್ತಿದ್ದದ್ದು ಆಪಾ ಎಂದು. ಆಪಾ ಇವಳನ್ನು ಕರೆಯುತ್ತಿದ್ದದ್ದು, ನಲವತ್ತೇಳು ವರ್ಷವಾದರೂ, ಮುನ್ನಿ ಎಂದು. ಮನೆಯೊಳಗಿನ ಮಾತೆಲ್ಲ ದಖ್ಖನಿಯಲ್ಲೇ. ಇಲ್ಲಿ ಕನ್ನಡದಲ್ಲಿ ಬರೆದಿದೆ, ಅಷ್ಟೇ.

ನಾಲ್ಕು ವರ್ಷದ ಹಿಂದೆ ಕೂನೂರಿನಲ್ಲಿ ನೆಂಟರ ಮದುವೆ. ಆಪಾ ಆಗ ಗಟ್ಟಿಮುಟ್ಟಾಗಿದ್ದಳು. ಇಬ್ಬರೂ ಮದುವೆಮನೆಯಿಂದ ಕದ್ದು ಗುಡ್ಡ ಹತ್ತಿದರು. ಹೂವಿನ ಕಾಲ ಮುಗಿದಿತ್ತು. ಒಣಗಿ ಕಪ್ಪಾದ ಕಾಯಿಗಳು ಬಿಸಿಲಿಗೆ ಚಟಚಟನೆ ಸಿಡಿದು ಬೀಜ ಎಲ್ಲೆಂದರಲ್ಲಿ ಹಾರುತ್ತಿತ್ತು. ಇಬ್ಬರು ಹೆಂಗಸರು ಜರಿ ಸೀರೆಯುಟ್ಟು ಮಂಡಿಯೂರಿ ಬೀಜ ಆರಿಸಿದರು. ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬಂದ ಬೀಜ ಒಂಬತ್ತು. ಹಮೀದಾಳ ಗಂಡ ಶಫಿಯದು ಕೆಳಗಿನ ಗಲ್ಲಿಯಲ್ಲಿ ಮಿಕ್ಸಿ ರಿಪೇರಿ ಅಂಗಡಿ. ಅವನ ಉಪ್ಪುಕಾಗದದ ಮೇಲೆ ಬೀಜ ಉಜ್ಜಿ, ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ ಹಾಕಿದ ಮೇಲೆ ಎರಡು ಮೊಳೆತವು. ಒಂದು ಉಳಿಯಿತು.

ಉಳಿದದ್ದು ಬೆಳೆಯಿತು. ಬೆಳೆಯದೆ ಏನು? ಶಿವಾಜಿನಗರದ ತಾರಸಿಗಳಲ್ಲಿ ಗುಲಾಬಿ ಅಷ್ಟು ದಪ್ಪಗೆ ಬಿಡುವುದಕ್ಕೆ ಒಂದು ಕಾರಣವಿದೆ. ಮಾಂಸ ತೊಳೆದ ನೀರನ್ನು ಇಲ್ಲಿ ಯಾರೂ ಮೋರಿಗೆ ಚೆಲ್ಲುವುದಿಲ್ಲ, ಗಿಡದ ಬುಡಕ್ಕೆ ಹಾಕುತ್ತಾರೆ. ಅತ್ತೆ ಸೊಸೆಗೆ ಕಲಿಸುವ ಮೊದಲ ತೋಟಗಾರಿಕೆ ಅದು. ಹಮೀದಾ ತನ್ನ ಹದಿನಾಲ್ಕು ಗುಲಾಬಿಗಳಿಗೆ ಹಾಕುವ ನೀರಲ್ಲಿ ಈ ಗಿಡಕ್ಕೆ ಒಂದು ಚೆಂಬು ಹೆಚ್ಚೇ ಹಾಕಿದಳು, ಎಷ್ಟಾದರೂ ತವರಿನದು. ಗಿಡ ಸೊಂಟದುದ್ದ ಆಯಿತು, ಎದೆಯುದ್ದ ಆಯಿತು, ಕಡ್ಡಿಗಳು ಪೊದೆಗಟ್ಟಿದವು. ಮೂರು ಬೇಸಿಗೆ ಕಳೆದರೂ ಒಂದು ಹೂವಿಲ್ಲ.

ಷರತ್ತು ಬಿದ್ದ ಮಾರನೇ ದಿನವೇ ಹಮೀದಾ ಹಲಸೂರಿಗೆ ಓಡಿದಳು. ಅಲ್ಲಿ ಕೆರೆಯ ಹತ್ತಿರ ಮುನಿನಾರಾಯಣಪ್ಪನವರ ನರ್ಸರಿ. ಅಪ್ಪ ಅಜ್ಜಂದಿರ ಕಾಲದಿಂದ ಹೂವಿನ ತೋಟದ ಮನೆತನ. ಅವರೇ ಹತ್ತು ವರ್ಷ ಊಟಿಯ ಬಂಗಲೆಯೊಂದರ ತೋಟ ನೋಡಿಕೊಂಡವರು. ಮೊಬೈಲಿನ ಫೋಟೋ ನೋಡಿದವರೇ ಕನ್ನಡಕ ಹಣೆಗೇರಿಸಿದರು.

“ಏನ್ ಹಾಕ್ತೀಯಮ್ಮ ಇದಕ್ಕೆ?”

ಹಮೀದಾ ಹೇಳಿದಳು. ಮುನಿನಾರಾಯಣಪ್ಪ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

“ಅಲ್ಲಮ್ಮ, ಇದು ಕಲ್ಲಲ್ಲಿ ಹುಟ್ಟಿ ಗಾಳಿ ಕುಡ್ದು ಬದುಕೋ ಜಾತಿ. ದಿನಾ ಬಿರಿಯಾನಿ ಹಾಕ್ತಾ ಇದ್ದೀಯಲ್ಲ! ಹೊಟ್ಟೆ ತುಂಬಿದ್ರೆ ಇದು ಕಡ್ಡಿ ಬಿಡ್ತದೆ, ಹಸ್ಕೊಂಡಿದ್ರೆ ಹೂ ಬಿಡ್ತದೆ.”

“ಈಗ ಏನ್ ಮಾಡ್ಲಿ ಅಣ್ಣಾ?”

“ಏನೂ ಮಾಡ್ಬೇಡ, ಅದೇ ಇದರ ಆರೈಕೆ. ಗೊಬ್ರ ಬೇಡ. ಮಣ್ಣು ಒಣಗಿದ್ ಮೇಲೆ ಬರೀ ನೀರು. ಕುಂಡ ಅಲ್ಲಾಡಿಸ್ಬೇಡ, ಬೇರು ಮುಟ್ಟಿದ್ರೆ ಮುನಿಸ್ಕೊಳ್ತದೆ. ಬುಡ ತಣ್ಣಗಿರ್ಬೇಕು, ತಲೆಗೆ ಬಿಸ್ಲು ಬೇಕು. ಕತ್ರಿ ಹಾಕೋದಿದ್ರೆ ಹೂವು ಮುಗಿದ್ ಮೇಲೆ ಹಸ್ರು ತುದಿಗೆ ಮಾತ್ರ. ಕಂದು ಕಟ್ಟಿಗೆಗೆ ಹಾಕಿದ್ಯೋ, ಕತೆ ಮುಗೀತು. ಗುಲಾಬಿ ಥರ ಅಲ್ಲ ಇದು, ಹಳೇ ಕಟ್ಟಿಗೆಯಿಂದ ಚಿಗುರಲ್ಲ.”

ಅದು ಡಿಸೆಂಬರ್. ಅಂದಿನಿಂದ ಹಮೀದಾ ಗಿಡವನ್ನು ಉಪವಾಸ ಕೆಡವಿದಳು. ಕೆಳಗೆ ಹಾಸಿಗೆಯಲ್ಲಿ ಆಪಾ ಒಂದೊಂದೇ ತುತ್ತು ಬಿಡುತ್ತಾ ಬಂದಳು. ಮೇಲೆ ಗಿಡ ತಾನೂ ಸೊರಗಿತು. ಒಬ್ಬಳಿಗೆ ಒಂದು ಚಮಚ ಗಂಜಿ ತಿನ್ನಿಸಲು ಅರ್ಧ ಗಂಟೆ ಗೋಗರೆಯುವುದು, ಮೆಟ್ಟಿಲು ಹತ್ತಿ ಇನ್ನೊಂದಕ್ಕೆ ಏನೂ ಕೊಡದೆ ಬರುವುದು. ಹುಚ್ಚು ಹಿಡಿಯುವುದಕ್ಕೆ ಇಷ್ಟು ಸಾಕು. ಮಾರ್ಚ್ ತಿಂಗಳ ಬಿಸಿಲಿಗೆ ತಾರಸಿ ಕಾಯತೊಡಗಿದಾಗ, ರಸೆಲ್ ಮಾರುಕಟ್ಟೆಯ ಮೀನಿನ ಅಂಗಡಿಯವನಿಂದ ಮಂಜುಗಡ್ಡೆ ತಂದು, ಮೀನಿನ ನಾತ ಹೋಗುವಂತೆ ಮೂರು ಸಲ ತೊಳೆದು, ಗೋಣಿಚೀಲದಲ್ಲಿ ಸುತ್ತಿ ಕುಂಡದ ಸುತ್ತ ಇಟ್ಟಳು. ಶಫಿ ಅದನ್ನು ನೋಡಿದ. ಮಾರನೇ ದಿನದಿಂದ ಮಂಜುಗಡ್ಡೆ ಅವನೇ ಹೊತ್ತು ತಂದ.

ಏಪ್ರಿಲ್ ಕೊನೆಗೆ ಮೊಗ್ಗು ಕಂಡವು. ಮೊದಲು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಪ್ರತಿ ಕಡ್ಡಿಗೂ ಸಾಲು ಸಾಲಾಗಿ. ಹಮೀದಾ ನೂರಾ ಹತ್ತರವರೆಗೆ ಎಣಿಸಿ, ಕಣ್ಣು ಮಂಜಾಗಿ ನಿಲ್ಲಿಸಿದಳು. ದಡಬಡನೆ ಇಳಿದು ಬಂದು ಆಪಾಗೆ ಹೇಳಿದಳು.

ಆಪಾಳ ಮುಖ ಅಷ್ಟೊತ್ತಿಗೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಗಡ್ಡೆ ಪಿತ್ತಕೋಶಕ್ಕೂ ಕೈ ಹಾಕಿತ್ತು. ನಕ್ಕಳು. “ಹಾಗಾದ್ರೆ ನನ್ ಟಿಕೆಟ್ ಕನ್ಫರ್ಮ್ ಆಯ್ತು ಅನ್ನು” ಎಂದಳು.

ಆ ನಗು ಕೇಳಿದ ಮೇಲೆಯೇ ಹಮೀದಾಳಿಗೆ ತಾನು ಮಾಡುತ್ತಿರುವುದು ಏನೆಂದು ಅರ್ಥವಾದದ್ದು. ಐದು ತಿಂಗಳು ಬೆವರು ಸುರಿಸಿ ಅವಳು ಬೆಳೆಸುತ್ತಿದ್ದದ್ದು ಅಕ್ಕನ ಸಾವನ್ನು. ಹೂ ಬಿಡದಿದ್ದರೆ ಆಪಾಳ ಆಸೆ ಹಾಗೇ ಉಳಿಯುತ್ತದೆ. ಬಿಟ್ಟರೆ ಆಪಾ ಉಳಿಯುವುದಿಲ್ಲ. ಬುದ್ಧಿ ಇರುವವರು ಕೇಳಿದರೆ ನಕ್ಕಾರು, ಹೂವಿಗೂ ಕ್ಯಾನ್ಸರಿಗೂ ಏನು ಸಂಬಂಧ ಎಂದಾರು. ಅವರ ಅಕ್ಕ ಹಾಸಿಗೆ ಹಿಡಿದಿಲ್ಲ, ಹೇಳಲಿ ಬಿಡಿ. ಹಮೀದಾ ಅವತ್ತು ತಾರಸಿಗೆ ಹೋಗಿ ಗಿಡದ ಮುಂದೆ ಕೂತು “ನಿಧಾನ, ಸ್ವಲ್ಪ ನಿಧಾನ” ಎಂದು ಬೇಡಿಕೊಂಡಳು. ಸಂಜೆ ಆಪಾ ನೋವಿಗೆ ತುಟಿ ಕಚ್ಚಿದ್ದು ನೋಡಿ ಮತ್ತೆ ಹತ್ತಿ “ಬೇಗ, ಬೇಗ ಬಿಡು” ಎಂದಳು.

ಬಕ್ರೀದ್‌ಗೆ ಹದಿನೈದು ದಿನ ಇರುವಾಗ ವಕಾರ್ ಹೋತ ತಂದ. ವಕಾರ್ ಎಂದರೆ ಶಕೀಲಾಳ ಒಬ್ಬನೇ ಮಗ, ಆಟೋ ಓಡಿಸುವವನು. ಈ ವರ್ಷದ ಕುರ್ಬಾನಿ ಅಮ್ಮಿಯ ಹೆಸರಲ್ಲಿ ಎಂದು ಹರಕೆ ಹೊತ್ತಿದ್ದ. ಎತ್ತರದ, ಕಂದು ಮೈಯ, ಉದ್ದ ಕಿವಿಯ ಪ್ರಾಣಿ. ಗಲ್ಲಿಯ ಉಳಿದ ಮನೆಗಳಂತೆ ಇಲ್ಲೂ ಅದನ್ನು ಕಟ್ಟಲು ತಾರಸಿಯೊಂದೇ ಜಾಗ. ಹಬ್ಬದವರೆಗೆ ಅದನ್ನು ಮನೆಯ ಮಗುವಿನಂತೆ ನೋಡಿಕೊಳ್ಳಬೇಕು. ಕುಂಟಬಾರದು, ಕೊಂಬು ಮುರಿಯಬಾರದು, ಮೈಗೆ ಗಾಯವಾಗಬಾರದು. ಹಮೀದಾ ನೀರಿನ ಟ್ಯಾಂಕಿನ ಕಬ್ಬಿಣದ ಕಾಲಿಗೆ, ಕುಂಡದಿಂದ ಆದಷ್ಟು ದೂರ, ಗಿಡ್ಡ ಹಗ್ಗದಲ್ಲಿ ಕಟ್ಟಿಸಿದಳು. ಹಗ್ಗ ಎಲ್ಲಿಯವರೆಗೆ ಬರುತ್ತದೆ ಎಂದು ತಾನೇ ಎಳೆದು ನೋಡಿದಳು. ಮೊಗ್ಗುಗಳ ತುದಿಯಲ್ಲಿ ಆಗಲೇ ಹಳದಿ ಇಣುಕಿತ್ತು. ಇನ್ನು ನಾಲ್ಕು ದಿನ, ಹೆಚ್ಚೆಂದರೆ ಐದು.

ಮೂರನೇ ದಿನ ಮಧ್ಯಾಹ್ನ ಹೋತ ಅರಚಿಕೊಳ್ಳತೊಡಗಿತು. ಹಮೀದಾ ಹೋಗಿ ನೋಡಿದರೆ ಟ್ಯಾಂಕಿನ ನೆರಳು ಅತ್ತ ಸರಿದಿದೆ, ಪ್ರಾಣಿ ನಿಗಿನಿಗಿ ಬಿಸಿಲಲ್ಲಿ ನಾಲಗೆ ಚಾಚಿ ನಿಂತಿದೆ. ಆಪಾಳ ಹೆಸರಿನದು. ಹಗ್ಗದ ಎರಡು ಸುತ್ತು ಬಿಚ್ಚಿ, ನೆರಳಿಗೆ ಮುಟ್ಟುವಷ್ಟು ಉದ್ದ ಬಿಟ್ಟಳು. ಒಮ್ಮೆ ಕುಂಡದ ಕಡೆಯೂ ನೋಡಿದಳು. ಅಷ್ಟರಲ್ಲಿ ಕೆಳಗಿಂದ ಆಪಾ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿ ಇಳಿದು ಓಡಿದಳು. ಬಟ್ಟೆ ಬದಲಿಸಿ, ಮೈ ಒರೆಸಿ, ಮಾತ್ರೆ ಕೊಟ್ಟು, ಆಪಾಗೆ ಕಣ್ಣು ಹತ್ತುವವರೆಗೆ ಬೆನ್ನು ಸವರಿ ಮತ್ತೆ ಮೇಲೆ ಬಂದಾಗ ಎರಡು ಗಂಟೆ ಕಳೆದಿತ್ತು.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಇದು ಸೊಪ್ಪನ್ನೂ ಬಿಟ್ಟಿರಲಿಲ್ಲ, ಕಡ್ಡಿಯನ್ನೂ ಬಿಟ್ಟಿರಲಿಲ್ಲ. ಎದೆಯುದ್ದದ ಗಿಡದಲ್ಲಿ ಹೆಬ್ಬೆರಳು ಗಾತ್ರದ ಕಂದು ಮೋಟುಗಳು ಮಾತ್ರ ನಿಂತಿದ್ದವು. ನೂರಾ ಹತ್ತಕ್ಕೆ ಎಣಿಕೆ ನಿಲ್ಲಿಸಿದ್ದ ಮೊಗ್ಗುಗಳಲ್ಲಿ ಒಂದೂ ಕಾಣಲಿಲ್ಲ. ಹಗ್ಗಕ್ಕೆ ನಿಲುಕದ ಆಚೆ ಮೂಲೆಯ ಗುಲಾಬಿಗಳು ಮಾತ್ರ ಹಾಗೇ ಇದ್ದವು. ಹೋತ ನೆರಳಲ್ಲಿ ಮಲಗಿ, ದವಡೆ ಆಡಿಸುತ್ತಾ ಅವಳನ್ನೇ ನೋಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಗೋಳಾಡುತ್ತಾರೆ. ಇಲ್ಲಿ ಬಾಯಿಗೇನೋ ಬಂದಿತ್ತು, ಹೋತನ ಬಾಯಿಗೆ.

ಹಮೀದಾ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಹೊಡೆಯುವಂತಿಲ್ಲ. ಆಪಾಳ ಹೆಸರಿನ ಪ್ರಾಣಿ, ಮೈಮೇಲೆ ಒಂದು ಬರೆ ಏಳಬಾರದು. ಆ ಚಪ್ಪಲಿಯಿಂದ ತನ್ನ ಹಣೆಗೇ ಬಡಿದುಕೊಂಡಳು. ಒಂದಲ್ಲ, ಮೂರು ಸಲ, ನಾಲ್ಕು ಸಲ. ಹಗ್ಗ ಬಿಚ್ಚಿದ್ದು ಯಾರು? ಕುಂಡದ ಕಡೆ ನೋಡಿದ್ದಳಲ್ಲ, ಏನು ನೋಡಿದಳು? ಮುಟ್ಟುವುದಿಲ್ಲ ಎಂದು ಅಳೆದೇ ಬಿಟ್ಟಳೋ, ಮುಟ್ಟಿದರೆ ಮುಟ್ಟಲಿ ಎಂದು ಬಿಟ್ಟಳೋ? ಹೂವೇ ಇಲ್ಲದಿದ್ದರೆ ಆಪಾ ಹೊರಡುವುದಿಲ್ಲವಲ್ಲ ಎಂಬ ಯೋಚನೆ ಎಲ್ಲೋ ಒಳಗೆ ಕೂತು ಅವಳ ಕೈಯಿಂದ ಆ ಗಂಟು ಬಿಚ್ಚಿಸಿತೋ? ಕುಂಡವನ್ನು ತಬ್ಬಿಕೊಂಡು ಬಾಯಿಗೆ ದುಪಟ್ಟಾ ತುರುಕಿ ಅತ್ತಳು, ಕೆಳಗೆ ಕೇಳಿಸಬಾರದೆಂದು.

ಹಾಗೆ ತಬ್ಬಿಕೊಂಡಾಗಲೇ ಕೆನ್ನೆಗೆ ಏನೋ ತಾಗಿತು. ಕುಂಡಕ್ಕೂ ಮೋಟುಗೋಡೆಗೂ ನಡುವಿನ ಸಂದಿಯಲ್ಲಿ, ಹೋತನ ಮೂತಿ ತೂರದ ಕಡೆ, ಒಂದೇ ಒಂದು ಹಸಿರು ಕಡ್ಡಿ ಉಳಿದಿತ್ತು. ಅದರ ತುದಿಯಲ್ಲಿ ನಾಲ್ಕು ಮೊಗ್ಗು.

ವಕಾರನ ಆಟೋದಲ್ಲೇ ಹಲಸೂರಿಗೆ ಹೋದಳು. ಅವನು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. “ಖಾಲಾ, ಬಕ್ರಾನ ರಾಮಮೂರ್ತಿ ನಗರದಲ್ಲಿ ನನ್ ರೂಮಲ್ಲೇ ಕಟ್ಕೊಂಡು ಮಲಗ್ಬೇಕಿತ್ತು” ಎಂದ. ಚಿಕ್ಕಮ್ಮನನ್ನು ಅವನು ಎಂದಿನಿಂದಲೂ ಹಾಗೇ ಕರೆಯುತ್ತಿದ್ದ. ಹಮೀದಾ ಹಗ್ಗದ ವಿಷಯ ಹೇಳಲಿಲ್ಲ.

ಮುನಿನಾರಾಯಣಪ್ಪ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಈ ಸಲ ಬೈಯಲಿಲ್ಲ. ಅದೇ ಹಮೀದಾಳಿಗೆ ಹೆಚ್ಚು ಭಯ ಹುಟ್ಟಿಸಿತು.

“ಗಿಡ ಮುಗೀತು ತಾಯಿ. ಸುಳ್ ಹೇಳಲ್ಲ.”

“ಆ ನಾಲ್ಕು ಮೊಗ್ಗು?”

“ಬೇರಲ್ಲಿ ಇನ್ನೂ ಜೀವ ಇದೆ. ಬಿಟ್ರೆ ಬಿಟ್ಟಾವು.”

“ಕಡ್ಡಿ ಕುಯ್ದು ನೀರಲ್ಲಿ ಇಟ್ರೆ? ಅವಳ ಹಾಸಿಗೆ ಹತ್ರಾನೇ ಇಡ್ತೀನಿ.”

“ಮುದುಡಿ ಹೋಗ್ತವೆ.”

“ಕುಂಡಾನೇ ಕೆಳಗೆ ಇಳಿಸಿದ್ರೆ?”

“ಅಲ್ಲಾಡಿದ್ರೆ ಉದುರ್ತವೆ. ಇದ್ದಲ್ಲೇ ಇರ್ಲಿ, ಬುಡ ತಣ್ಣಗಿಡು. ಬೇರೇನೂ ಇಲ್ಲ.” ಅವರು ಕನ್ನಡಕ ಒರೆಸಿಕೊಂಡರು. “ಅಕ್ಕಂಗೆ ಎಷ್ಟು ದಿನ ಅಂದಿದ್ದಾರೆ?”

ಹಮೀದಾ ಮೊಬೈಲು ಎತ್ತಿಕೊಂಡು ಎದ್ದಳು.

ಶಫಿಗೆ ಒಂದು ಉಪಾಯ ಹೊಳೆಯಿತು, ಒಳ್ಳೆಯ ಮನಸ್ಸಿನಿಂದಲೇ. ಮಾರುಕಟ್ಟೆಯಲ್ಲಿ ಹಳದಿ ಹೂವಿಗೇನು ಬರ? ಒಂದು ಹಿಡಿ ತಂದು, ಮಸೀದಿ ಪಕ್ಕದ ಅಂಗಡಿಯಿಂದ ಎರಡು ಹನಿ ಅತ್ತರು ಹಚ್ಚಿದರೆ ಆಯಿತು. ಮಲಗಿದಲ್ಲೇ ಮೂಸಿಸಬಹುದು.

“ಆಪಾ ಮೂಗಿಗೆ ಮೋಸ ಮಾಡ್ತೀರಾ?” ಎಂದಳು ಹಮೀದಾ. “ಚಿಕ್ಕವಳಿದ್ದಾಗ ನಾನು ಯಾರ ಮನೆಯಲ್ಲಿ ಏನ್ ತಿಂದು ಬಂದೆ ಅಂತ ಬಾಗಿಲಲ್ಲೇ ಹೇಳ್ತಿದ್ಲು ರೀ ಅವಳು.”

ಆಪಾಗೆ ಹೇಳಬಾರದು ಎಂದು ಮನೆಯವರೆಲ್ಲ ಮಾತಾಡಿಕೊಂಡಿದ್ದರು. ವಕಾರನಿಗೆ ಅಮ್ಮಿಯ ಮುಂದೆ ಸುಳ್ಳು ಎಂದೂ ಬಂದಿದ್ದಿಲ್ಲ. ಎರಡೇ ದಿನಕ್ಕೆ ಬಾಯಿಬಿಟ್ಟ. ಆಪಾ ಕೇಳಿ, ಹೊಟ್ಟೆ ಹಿಡಿದುಕೊಂಡು, ನೋವಾಗುತ್ತದೆಂದು ಗೊತ್ತಿದ್ದೂ ನಕ್ಕಳು. “ತಿನ್ಲಿ ಬಿಡೋ. ನನ್ ಹೆಸರಿನದು ಯಾವುದಾದ್ರೂ ಒಂದು ಹೊಟ್ಟೆ ತುಂಬ ತಿಂತಲ್ಲ” ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ಟಿಕೆಟ್ಟಿನ ಮಾತು ಆಡಲಿಲ್ಲ. ಗಂಜಿಯೂ ನಿಂತಿತು. ಹತ್ತಿಯಲ್ಲಿ ತುಟಿ ಒದ್ದೆ ಮಾಡಿದರೆ ಅದೇ ಊಟ.

ಮೇಲೆ ಬಿಸಿಲು ಕಾಯುತ್ತಲೇ ಇತ್ತು. ಮೊದಲ ಮೊಗ್ಗು ಮೂರನೇ ದಿನ ಹಳದಿಯಾಗುವ ಬದಲು ಕಂದಾಗಿ ಉದುರಿತು. ಮಾರನೇ ದಿನ ಎರಡು ಒಟ್ಟಿಗೆ ಬಿದ್ದವು. ಹಮೀದಾ ತನ್ನ ದುಪಟ್ಟಾವನ್ನು ಎರಡು ಕೋಲಿಗೆ ಕಟ್ಟಿ ಚಪ್ಪರ ಮಾಡಿದಳು, ಮಂಜುಗಡ್ಡೆಯನ್ನು ದಿನಕ್ಕೆ ಎರಡು ಸಲ ಬದಲಿಸಿದಳು, ಗುಲಾಬಿಗಳಿಗೆ ನೀರು ಹಾಕುವುದನ್ನೇ ಮರೆತಳು. ಹದಿನಾಲ್ಕೂ ಬಾಡಿದವು. ಅವಳಿಗೆ ಅದು ಕಾಣಿಸಲೂ ಇಲ್ಲ. ಹೋತ ಮಾತ್ರ ಗಿಡ್ಡ ಹಗ್ಗದಲ್ಲಿ, ಪಕ್ಕದಲ್ಲಿ ಹರವಿದ ಹುಲ್ಲು ತಿನ್ನುತ್ತಾ ಸುಖವಾಗಿತ್ತು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಏಳಕ್ಕೆ ಹಮೀದಾ ಮೇಲೆ ಹೋದಳು. ಕೊನೆಯ ಮೊಗ್ಗು ಅರಳಿತ್ತು.

ಪೂರ್ತಿ ಅರಳಿತ್ತು. ಮೇಲೊಂದು ದೊಡ್ಡ ದಳ, ಕೆಳಗೆ ಮಡಿಸಿಟ್ಟ ಎರಡು, ಕೂನೂರಿನ ಗುಡ್ಡದಲ್ಲಿ ಇದ್ದ ಹಾಗೇ. ಹಮೀದಾ ಹತ್ತಿರ ಹೋಗಲಿಲ್ಲ. ಮೆಟ್ಟಿಲ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಬಾಗಿಲು ಎಳೆದುಕೊಂಡು, ಚಿಲಕ ಹಾಕಿ, ಕೆಳಗೆ ಬಂದು ಚಹಾಕ್ಕೆ ನೀರಿಟ್ಟಳು. ಶಫಿ “ಏನಾಯ್ತು?” ಎಂದರೆ “ಹಾಗೇ ಇದೆ” ಎಂದಳು. ವಕಾರನಿಗೂ ಅದನ್ನೇ ಹೇಳಿದಳು. ಒಂದು ದಿನ, ಒಂದೇ ಒಂದು ದಿನ ಹೆಚ್ಚಿಗೆ ಸಿಕ್ಕರೆ ಸಾಕಿತ್ತು ಅವಳಿಗೆ. ಹೂವು ನಾಳೆಯೂ ಇದ್ದೀತು. ನಾಳೆ ಹೇಳಿದರಾಯಿತು.

ಆದರೆ ಅವತ್ತು ಆಪಾಗೆ ನೋವು ಮಿತಿಮೀರಿತು. ಹನ್ನೊಂದಕ್ಕೆ ಕೊಟ್ಟ ಮಾತ್ರೆ ಹನ್ನೆರಡಕ್ಕೇ ಸೋತಿತು. ಎಂದೂ ಸದ್ದು ಮಾಡದವಳು ದಿಂಬು ಕಚ್ಚಿ ನರಳಿದಳು. ಮೂರು ಗಂಟೆಗೆ ಹಮೀದಾಳ ಕೈ ಹಿಡಿದಳು. ಮೂಳೆ ಮಾತ್ರ ಉಳಿದಿದ್ದ ಆ ಬೆರಳುಗಳಿಗೆ ಅಷ್ಟು ಬಲ ಎಲ್ಲಿಂದ ಬಂತೋ.

“ಮುನ್ನಿ, ಇನ್ನೂ ಅರಳ್ಲಿಲ್ವಾ?”

ಒಂದು ವಾರದ ಮೇಲೆ ಮೊದಲ ಸಲ ಕೇಳಿದ್ದು.

“ಇಲ್ಲ ಆಪಾ.”

ಆಪಾಳ ಕಣ್ಣಿಂದ ನೀರು ಹರಿದು ಕಿವಿಗೆ ಇಳಿಯಿತು. ಅಮ್ಮ ಸತ್ತಾಗ, ಅಬ್ಬಾ ಸತ್ತಾಗ, ಗಂಡ ಸತ್ತಾಗ ಯಾರಿಗೂ ಕಾಣದಂತೆ ಅತ್ತವಳು ಈಗ ತಂಗಿಯ ಎದುರು ಅತ್ತಳು. “ಬೇಗ ಆಗ್ಲಿ ಅಂತ ದುವಾ ಮಾಡೇ. ನನ್ ಕೈಲಿ ಇನ್ನು ಆಗ್ತಿಲ್ಲ. ನೀನು ಅದನ್ನ ನಿಜಾ ಅಂದ್ಕೊಂಡಿದ್ದೀಯ ಅಂತ ಗೊತ್ತು ನಂಗೆ. ಅದಕ್ಕೇ ಕಾಯ್ತಾ ಇದ್ದೀನಿ, ನಿನಗೋಸ್ಕರ.”

ಇಷ್ಟು ದಿನ ಹಮೀದಾ ಹಿಡಿದಿಟ್ಟದ್ದು ಅಕ್ಕನನ್ನಲ್ಲ, ಅಕ್ಕನ ನೋವನ್ನು. ಇವಳು ಹಿಡಿದಿದ್ದಾಳೆಂದು ಅವಳು ಬಿಡಿಸಿಕೊಂಡಿರಲಿಲ್ಲ, ಅಷ್ಟೇ. ಎದ್ದು ಹೋಗಿ ಶಫಿಯನ್ನೂ ವಕಾರನನ್ನೂ ಕರೆದಳು. “ಅರಳಿದೆ. ಬೆಳಿಗ್ಗೆನೇ ಅರಳಿತ್ತು. ಕುರ್ಚಿ ತನ್ನಿ” ಎಂದಳು.

ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ದುಪಟ್ಟಾದಿಂದ ಎದೆಗೆ ಕಟ್ಟಿ, ಮುಂದೆ ವಕಾರ್, ಹಿಂದೆ ಶಫಿ ಎತ್ತಿದರು. ಮೆಟ್ಟಿಲು ಎಷ್ಟು ಕಿರಿದೆಂದರೆ ತಿರುವಿನಲ್ಲಿ ಕುರ್ಚಿಯನ್ನು ಓರೆ ಮಾಡಬೇಕಾಯಿತು. ಪ್ರತಿ ಮೆಟ್ಟಿಲಿಗೂ ಆಪಾ ಉಸಿರು ಬಿಗಿಹಿಡಿದಳು. ಹಮೀದಾ ಹಿಂದಿನಿಂದ “ನಿಧಾನ, ನಿಧಾನ” ಎನ್ನುತ್ತಾ ಹತ್ತಿದಳು.

ಹೂವು ಕುಂಡದ ಪಕ್ಕ, ನೆಲಕ್ಕೆ ಒಂದು ಗೇಣು ಎತ್ತರದಲ್ಲಿತ್ತು. ಆಪಾಗೆ ಬಾಗಲು ಆಗುತ್ತಿರಲಿಲ್ಲ. ಚಾಪೆ ಹಾಸಿ ಅವಳನ್ನು ಮಗ್ಗುಲಾಗಿ ಮಲಗಿಸಿದರು, ಮುಖ ಹೂವಿನ ಹತ್ತಿರ ಬರುವಂತೆ. ಹಮೀದಾಳೂ ಎದುರು ಮಲಗಿದಳು. ನಡುವೆ ಆ ಕಡ್ಡಿ.

ಆಪಾ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಹಣೆಯ ಗಂಟು ಒಂದೊಂದಾಗಿ ಸಡಿಲವಾಯಿತು.

“ಅದೇ” ಎಂದಳು. “ಹಿಂದುಗಡೆ ಬ್ರೆಡ್ ಬೇಯ್ತಾ ಇದೆ.”

ಹಮೀದಾ ಮೂಗನ್ನು ಹೂವಿಗೆ ತಾಗುವಷ್ಟು ಹತ್ತಿರ ತಂದಳು. ಒದ್ದೆ ಗೋಣಿಯ ಮುಗ್ಗಲು, ಹೋತನ ಹಿಕ್ಕೆಯ ನಾತ. ಮತ್ತೆ ಎಳೆದುಕೊಂಡಳು. ಏನೂ ಇರಲಿಲ್ಲ. ಸುಡುವ ಊರಿನಲ್ಲಿ, ಸಾಯುವ ಗಿಡದಲ್ಲಿ ಬಿಟ್ಟ ಹೂವಿಗೆ ಬಣ್ಣ ಬಂದದ್ದೇ ಹೆಚ್ಚು. ಅವಳ ಎದೆ ಹಾರಿತು. ದುಃಖಕ್ಕಲ್ಲ, ನಾಚಿಕೆಗೇಡಿನ ಒಂದು ಆಸೆಗೆ.

“ಆಪಾ, ಇದಕ್ಕೆ ಘಮಾನೇ ಇಲ್ಲ.”

“ಇದೆ.”

“ಇಲ್ಲ ಆಪಾ, ನೋಡು, ಇಲ್ಲ. ಷರತ್ತು ಘಮದ್ದು ತಾನೆ? ಇದು ನಡೆಯಲ್ಲ. ನಾನು ಕೂನೂರಿಗೆ ಹೋಗಿ ಬೀಜ ತರ್ತೀನಿ. ಮೊದಲ್ನಿಂದ ಹಾಕ್ತೀನಿ. ಮಾಂಸದ ನೀರು ಹಾಕಲ್ಲ, ಬಕ್ರಾ ತರಲ್ಲ, ಎರಡೇ ವರ್ಷ ಸಾಕು ಆಪಾ, ಎರಡೇ ವರ್ಷದಲ್ಲಿ ಬಿಡಿಸ್ತೀನಿ. ಹಗ್ಗ ನಾನೇ ಬಿಚ್ಚಿದ್ದು. ಬೆಳಿಗ್ಗೆ ಅರಳಿದ್ದನ್ನ ಹೇಳ್ಲಿಲ್ಲ, ಅದೂ ನಾನೇ. ಹೋಗ್ಬೇಡ ಆಪಾ.”

ವಕಾರ್ ಮೋಟುಗೋಡೆಯ ಕಡೆ ತಿರುಗಿ ನಿಂತ. ಆಪಾ ಕಣ್ಣು ತೆರೆದಳು. ಹಳದಿಗಟ್ಟಿದ ಆ ಕಣ್ಣುಗಳು ತಂಗಿಯನ್ನು ಬಹಳ ಹೊತ್ತು ನೋಡಿದವು. ಕೈ ಎತ್ತಿ ಅವಳ ಹಣೆಯ ಮೇಲೆ ಚಪ್ಪಲಿಯ ಏಟಿನ ಕಲೆ ಉಳಿದಿದ್ದ ಜಾಗ ಮುಟ್ಟಿದಳು.

“ಮೂಗು ನಂದು, ಮುನ್ನಿ. ಇದೆ ಅಂದ್ರೆ ಇದೆ.”

ಹಮೀದಾ ತಲೆ ಅಲ್ಲಾಡಿಸುತ್ತಲೇ ಇದ್ದಳು.

“ನೀನೂ ಹೇಳು” ಎಂದಳು ಆಪಾ. “ನಿನ್ ಬಾಯಿಂದ ಕೇಳ್ಬೇಕು.”

ಕೆಳಗೆ ಗಲ್ಲಿಯಲ್ಲಿ ಯಾರೋ ತಳ್ಳುಗಾಡಿಯವನು ಮಾವಿನ ಹಣ್ಣು ಕೂಗಿಕೊಂಡು ಹೋದ. ಅವನ ಕೂಗು ತಿರುವು ದಾಟಿ ಅಡಗಿತು. ಹಮೀದಾ ಹೂವಿಗೆ ಮೂಗಿಟ್ಟು, ಎದೆ ತುಂಬ ಉಸಿರೆಳೆದು, “ಇದೆ ಆಪಾ” ಎಂದಳು.

“ಹಾಂ” ಎಂದು ಆಪಾ ಕಣ್ಣು ಮುಚ್ಚಿದಳು. “ಈಗ ಕೆಳಗೆ ಕರ್ಕೊಂಡ್ಹೋಗಿ. ಬಿಸ್ಲು ಜಾಸ್ತಿ ಇದೆ.”

ಇಳಿಯುವಾಗ ಕುರ್ಚಿಯ ಭಾರವೆಲ್ಲ ಮುಂದೆ ಹಿಡಿದವರ ಮೇಲೇ ಬೀಳುತ್ತದೆ. ವಕಾರ್ ಬೇಡವೆಂದರೂ ಕೇಳದೆ ಹಮೀದಾ ಅವನನ್ನು ಸರಿಸಿ, ಮುಂದಿನ ಎರಡು ಕಾಲುಗಳನ್ನು ತಾನೇ ಹಿಡಿದಳು.